ಎಂಟು ವಾರದ ಹಳ್ಳಿ, ತೊಂಬತ್ತು ದಿನದ ನವಣೆ

ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ ಹೋದ ಮಳೆಗಾಲ ಒಂದು ಸಣ್ಣ ಪ್ರದರ್ಶನ ನೋಡಿದೆವು. ಕೃಷಿ ಪದವಿಯ ಕೊನೆಯ ವರ್ಷದ ಹುಡುಗ ಹುಡುಗಿಯರು ಗ್ರಾಮವಾಸದ ಶಿಬಿರಕ್ಕೆ ಬಂದಿದ್ದರು. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿದ್ದರು. ಗೋಡೆಯ ಮೇಲೆ ಎರೆಗೊಬ್ಬರ, ಬೀಜೋಪಚಾರ, ಮಣ್ಣು ಪರೀಕ್ಷೆಗಳ ಚಿತ್ರಪಟಗಳು. ನಡುವಿನ ಮೇಜಿನ ಮೇಲೆ ಅವರೇ ತಯಾರಿಸಿದ ನವಣೆ ಬಿಸ್ಕತ್ತು. ಡಬ್ಬಿಗೆ ಹೆಸರಿತ್ತು, ಗುರುತಿತ್ತು, ಬೆಲೆಯೂ ಇತ್ತು. ವಿವರಿಸುತ್ತಿದ್ದ ಹುಡುಗಿ ಚುರುಕಿನವಳು. ‘ಸುಸ್ಥಿರ’ ಎಂಬ ಪದವನ್ನು ನಾಲ್ಕಾರು ಸಲ ಬಳಸಿದಳು.

ಬಿಸ್ಕತ್ತು ತಿಂದ ಹಿರಿಯರೊಬ್ಬರು ಕೇಳಿದರು: ‘ಚಲೋ ಐತವ್ವ. ನವಣಕ್ಕಿ ಎಲ್ಲಿಂದ ತಂದ್ರಿ?’

‘ಪ್ಯಾಟಿ ಅಂಗಡಿಯಿಂದ.’

‘ನಮ್ಮನ್ಯಾಗ ಎರಡು ಚೀಲ ನವಣಿ ಬಿದ್ದೈತಿ. ಸಿಪ್ಪಿ ಬಿಡಿಸಾಕ ದಾರಿ ಇಲ್ಲ. ಅದಕ್ಕೇನರ ಮಾಡ್ರಿ.’

ಹುಡುಗಿ ಮೇಷ್ಟರ ಮುಖ ನೋಡಿದಳು. ಮೇಷ್ಟರು ಅದು ಇಂಜಿನಿಯರಿಂಗ್ ವಿಭಾಗದವರ ವಿಷಯ ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಬಸ್ಸಿನಲ್ಲಿ ಹಿಂದಿರುಗುವಾಗ ಮಾತ್ರ ಆ ನಗೆ ನಮಗೇ ಸರಿಬರಲಿಲ್ಲ.

ಈ ಟೀಕೆ ಆ ಮಕ್ಕಳ ಮೇಲಲ್ಲ. ಉತ್ಪನ್ನ ಸಂಶೋಧನೆ ಮತ್ತು ಅಭಿವೃದ್ಧಿ ಎಂದರೆ ಏನೆಂದು ಅವರಿಗೆ ಕಲಿಸಲಾಗಿದೆಯೋ ಅದನ್ನು ಅವರು ನಿಷ್ಠೆಯಿಂದ ಮಾಡಿದ್ದರು. ಕಲಿಸಿದ್ದರಲ್ಲೇ ದೋಷವಿದೆ. ಡಬ್ಬಿಯಿಂದ ಶುರುವಾಗಿ ಹಿಂದಕ್ಕೆ ನಡೆಯುವ ಪಾಠವದು. ಹೊಲದಲ್ಲಿ ಕಾಲಿಗೆ ಚುಚ್ಚಿದ ಮುಳ್ಳು ಯಾವುದು ಎಂದು ಅದು ಮೊದಲು ಕೇಳುವುದಿಲ್ಲ.

ಆ ಹಿರಿಯರ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಜೋಳವನ್ನೂ ರಾಗಿಯನ್ನೂ ರಾಶಿ ಮಾಡಿ ಹಾಗೇ ಬೀಸಿಕೊಳ್ಳಬಹುದು. ನವಣೆ, ಸಾಮೆ, ಹಾರಕ, ಊದಲುಗಳಿಗೆ ಗಟ್ಟಿ ಹೊಟ್ಟಿನ ಕವಚವಿದೆ. ಅದನ್ನು ತೆಗೆಯುವ ಕೆಲಸ ತಲೆಮಾರುಗಳ ಕಾಲ ಹೆಂಗಸರ ತೋಳಿನ ಮೇಲಿತ್ತು. ಒನಕೆ ಬಿಟ್ಟ ದಿನ ಈ ಧಾನ್ಯಗಳೂ ಮನೆ ಬಿಟ್ಟವು. ಸಿಪ್ಪೆ ತೆಗೆದ ಅಕ್ಕಿ ತವುಡಿನ ಎಣ್ಣೆಯಂಶದಿಂದಾಗಿ ಬೇಗ ಮುಗ್ಗಲು ವಾಸನೆ ಹಿಡಿಯುತ್ತದೆ. ಬೇಕಾದಾಗ ಬೇಕಾದಷ್ಟೇ ಬಿಡಿಸಿಕೊಳ್ಳಬೇಕು. ಅಂದರೆ ಯಂತ್ರ ಊರಲ್ಲೇ ಇರಬೇಕು, ಸಣ್ಣದಾಗಿರಬೇಕು, ಕಾಳು ನುಚ್ಚಾಗಿಸಬಾರದು, ಕೆಟ್ಟರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ರಿಪೇರಿಯಾಗಬೇಕು. ಒಂದು ಉತ್ಪನ್ನದ ಪೂರ್ತಿ ಲಕ್ಷಣ ಪತ್ರ ಆ ಎರಡು ಚೀಲ ನವಣೆಯಲ್ಲಿತ್ತು. ಬರೆದುಕೊಳ್ಳುವವರು ಇರಲಿಲ್ಲ.

ಸಿರಿಧಾನ್ಯಕ್ಕೆ ಸರ್ಕಾರದ ಬೆಂಬಲ ಇಲ್ಲವೆಂದಲ್ಲ. 2019-20ರಲ್ಲಿ ಕರ್ನಾಟಕ ‘ರೈತ ಸಿರಿ’ ಯೋಜನೆಯಲ್ಲಿ ಕಿರುಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹ ಧನ ಘೋಷಿಸಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಬಿತ್ತುವವನಿಗೂ ಹಣ ಬಂತು, ನಗರದ ಕಪಾಟಿಗೂ ಡಬ್ಬಿ ಬಂತು. ನಡುವಿನ ಅಂಗಳ ಹಾಗೇ ಉಳಿಯಿತು.

ಇನ್ನು ಪಠ್ಯಕ್ರಮದ ಲೆಕ್ಕ. ಕೃಷಿ ಕಾಲೇಜುಗಳ ಡೀನರ ಐದನೆಯ ಸಮಿತಿಯ ಶಿಫಾರಸಿನಂತೆ 2016-17ರಿಂದ ಬಂದ ವ್ಯವಸ್ಥೆಯಲ್ಲಿ ಗ್ರಾಮೀಣ ಕಾರ್ಯಾನುಭವಕ್ಕೆ ಇಪ್ಪತ್ತು ವಾರ ಮೀಸಲಿಟ್ಟರು. ಅದರಲ್ಲಿ ಹಳ್ಳಿಗೆ ಎಂಟು ವಾರ, ಕೃಷಿ ಉದ್ಯಮದ ಘಟಕಕ್ಕೆ ಮೂರು ವಾರ, ವರದಿ ಬರೆಯಲು ಒಂದು ವಾರ. ಹಳ್ಳಿಗೆ ಕಳಿಸುವ ಯೋಚನೆಯೇ ದೊಡ್ಡದು, ಅದನ್ನು ನಾವು ಮೆಚ್ಚುತ್ತೇವೆ. ಆದರೆ ನವಣೆ ಕೊಯ್ಲಿಗೆ ಬರಲು ಎಂಬತ್ತರಿಂದ ತೊಂಬತ್ತು ದಿನ ಬೇಕು. ಎಂಟು ವಾರವೆಂದರೆ ಐವತ್ತಾರು ದಿನ. ಬೇಗ ಬರುವ ಬೆಳೆಯನ್ನೂ ಬಿತ್ತನೆಯಿಂದ ರಾಶಿಯವರೆಗೆ ನೋಡದೆ ವಿದ್ಯಾರ್ಥಿ ಮರಳುತ್ತಾನೆ. ಸಿಪ್ಪೆಯ ಪ್ರಶ್ನೆ ಹುಟ್ಟುವುದೇ ರಾಶಿಯಾದ ಮೇಲೆ.

ಪ್ರಯೋಗಾಲಯವೇ ವ್ಯರ್ಥವೆಂದು ಹೇಳುವ ಜನ ನಾವಲ್ಲ. ಬಳ್ಳಾರಿ ಪಕ್ಕದ ಹಗರಿಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಐದು ಕೇಂದ್ರಗಳನ್ನು ಆರಿಸಿದರು: ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್. ಹಗರಿಯಲ್ಲಿ 1934ರಲ್ಲಿ ಕೆಲಸ ಆರಂಭವಾಯಿತು. ಒಡ್ಡು ಹಾಕುವುದು, ಆಳ ಉಳುಮೆ, ಕೊಟ್ಟಿಗೆ ಗೊಬ್ಬರ, ಬೀಜದ ಪ್ರಮಾಣ ಇಳಿಸಿ ಸಾಲಿನ ಅಂತರ ಹೆಚ್ಚಿಸುವುದು ಎಲ್ಲವನ್ನೂ ವರ್ಷಗಟ್ಟಲೆ ಪರೀಕ್ಷಿಸಿ ಪದ್ಧತಿಗಳನ್ನು ರೂಪಿಸಿದರು. ಮಣ್ಣನ್ನೂ ನೀರನ್ನೂ ಉಳಿಸುವ ಈ ಕೆಲಸಕ್ಕೆ ಆಗ ‘ಸುಸ್ಥಿರ’ ಎಂಬ ಹಣೆಪಟ್ಟಿ ಇರಲಿಲ್ಲ. ಸಿಕ್ಕ ಫಲವೇನು? ಹೆಕ್ಟೇರಿಗೆ ಇನ್ನೂರರಿಂದ ನಾನೂರು ಕಿಲೋ ಬರುತ್ತಿದ್ದ ಇಳುವರಿ ಶೇಕಡಾ 15ರಿಂದ 20ರಷ್ಟು ಏರಿತು. ಎಂದರೆ ಮೂವತ್ತರಿಂದ ಎಂಬತ್ತು ಕಿಲೋ ಕಾಳು. ಅಷ್ಟಕ್ಕಾಗಿ ಒಡ್ಡು ಹಾಕಿ, ಆಳಕ್ಕೆ ಉಳುವ ಎತ್ತುಗಳನ್ನು ಸಾಕುವುದು ಬಡ ರೈತನಿಗೆ ಗಿಟ್ಟಲಿಲ್ಲ. ಪದ್ಧತಿ ಹೆಚ್ಚು ಹರಡಲಿಲ್ಲ. ವಿಜ್ಞಾನ ಸುಳ್ಳಾಗಿರಲಿಲ್ಲ, ರೈತನೂ ದಡ್ಡನಾಗಿರಲಿಲ್ಲ. ಚೋರನೂರಿನಿಂದ ಕೆಲವೇ ತಾಸಿನ ಹಾದಿಯಲ್ಲಿ ನಡೆದ ಈ ಪಾಠವನ್ನು ಆ ಚಿತ್ರಪಟಗಳಲ್ಲಿ ಹುಡುಕಿದೆವು, ಇರಲಿಲ್ಲ. ಗೆದ್ದದ್ದನ್ನು ಮಾತ್ರ ತೂಗುಹಾಕುವುದು ನಮ್ಮ ರೂಢಿ.

ಅದೇ ಊರಿನ ಮನೆಯೊಂದರ ಗೋಡೆಗೆ ಹಳೆಯ ಕೂರಿಗೆ ಒರಗಿಸಿತ್ತು. ಬಟ್ಟಲಿಗೆ ಬಿದ್ದ ಬೀಜ ಬಿದಿರಿನ ಕೊಳವೆಗಳಲ್ಲಿ ಇಳಿದು ಸಮ ಅಂತರದ ಸಾಲುಗಳಲ್ಲಿ ಹಸಿ ಮಣ್ಣು ಸೇರುವ ಉಪಕರಣ. ಥಾಮಸ್ ಹಾಲ್ಕಾಟ್ ಎಂಬ ಇಂಗ್ಲಿಷ್ ಸೇನಾಧಿಕಾರಿ 1790ರ ದಶಕದಲ್ಲಿ ಆಂಧ್ರದ ಕಡೆ ಇಂಥದ್ದನ್ನು ಕಂಡು, ಸಾಲು ಬಿತ್ತನೆ ಯುರೋಪಿನ ಹೊಸ ಶೋಧವೆಂದುಕೊಂಡಿದ್ದ ತಾನು ಬೆರಗಾದುದನ್ನು ಬರೆದು ಇಂಗ್ಲೆಂಡಿಗೆ ಕಳಿಸಿದ. ಧರಂಪಾಲ್ 1971ರ ತಮ್ಮ ಪುಸ್ತಕದಲ್ಲಿ ಆ ಬರಹವನ್ನು ಸೇರಿಸಿದ್ದಾರೆ. ಕೂರಿಗೆಯನ್ನು ‘ಸಂಶೋಧಿಸಿದ’ ಬಡಿಗ, ಕಮ್ಮಾರರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಹೆಸರು ಉಳಿದ ಒಬ್ಬರು ನಮ್ಮ ನಡುವೆಯೇ ಬಂದರು. ಪಂಪನ ಊರೆಂದು ಶಾಲೆಯಲ್ಲಿ ಓದಿದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ. ಅವರ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಒಣಭೂಮಿಯಲ್ಲಿ ಹುಣಸೆ ಬೆಳೆಸಿದರು. ಹಣ್ಣು ಬಂದಾಗ ಅದರ ಉಪ್ಪಿನಕಾಯಿ ಮಾಡಿ ಮಾರಲು ಹೊರಟರು. ಆಗ ಬೀಜ ಬಿಡಿಸುವ ಕೂಲಿಯೇ ದೊಡ್ಡ ತೊಡಕಾಯಿತು. ಅದಕ್ಕಾಗಿ ಬೀಜ ಬೇರ್ಪಡಿಸುವ ಯಂತ್ರ ಮಾಡಿದರು. ಬಳಿಕ ಬೀಜ ಮತ್ತು ಗೊಬ್ಬರವನ್ನು ಒಟ್ಟಿಗೆ ಬಿತ್ತುವ ಟ್ರಾಕ್ಟರ್ ಕೂರಿಗೆ, ಕಬ್ಬು ನಾಟಿಯ ಸಾಧನ ಎಂದು ಒಂದರ ಬೆನ್ನಿಗೆ ಒಂದು. ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ 2015ರಲ್ಲಿ ಅವರಿಗೆ ಜೀವಮಾನ ಸಾಧನೆಯ ಪುರಸ್ಕಾರ ನೀಡಿತು, 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ಸಮುದಾಯದವರು ಸನ್ಮಾನ ಮಾಡಿ ಶಾಲು ಹೊದಿಸಿ ಸುಮ್ಮನಾದರು, ವಿಶ್ವವಿದ್ಯಾಲಯಗಳೂ ಹೆಚ್ಚು ಕಡಿಮೆ ಹಾಗೆಯೇ. ಮರದಿಂದ ಉಪ್ಪಿನಕಾಯಿಗೆ, ಉಪ್ಪಿನಕಾಯಿಯಿಂದ ಯಂತ್ರಕ್ಕೆ ಹೋದ ಆ ದಾರಿಯನ್ನು ಒಂದು ಸೆಮಿಸ್ಟರಿನ ಪಾಠವಾಗಿಸಬಹುದು ಎಂದು ಯಾರಿಗೂ ಹೊಳೆದಂತಿಲ್ಲ. ಬೀದಿಬದಿಯ ಗ್ಯಾರೇಜು, ವೆಲ್ಡಿಂಗ್ ಅಂಗಡಿಗಳಲ್ಲಿ ಕೈ ಮಸಿ ಮಾಡಿಕೊಂಡ ನಮ್ಮ ಎಷ್ಟು ಹುಡುಗರು ಇಂಥ ದಾರಿಯ ಅರ್ಧಕ್ಕೇ ನಿಂತಿದ್ದಾರೋ.

ನಾವು ಉರ್ದು ಶಾಲೆಯಲ್ಲಿ ಕಲಿತ ‘ತಜುರ್ಬಾ’ ಎಂಬ ಪದ ಇಲ್ಲಿ ನೆನಪಾಗುತ್ತದೆ. ಅದಕ್ಕೆ ಅನುಭವ ಎಂದೂ ಅರ್ಥ, ಪ್ರಯೋಗ ಎಂದೂ ಅರ್ಥ. ಕನ್ನಡ ಶಾಲೆಗೆ ಬಂದಾಗ ಎರಡೂ ಬೇರೆ ಬೇರೆ ಪದಗಳಾದವು. ಕಾಲೇಜಿನಲ್ಲಿ ಬೇರೆ ಬೇರೆ ಕಟ್ಟಡಗಳೇ ಆಗಿವೆ: ಪ್ರಯೋಗ ವಿದ್ಯಾರ್ಥಿಯದು, ಅನುಭವ ರೈತನದು.

ಈ ಕಟ್ಟಡಗಳ ನಡುವೆ ಹಣದ ಪ್ರಶ್ನೆಯೊಂದು ಕೂತಿದೆ, ಅದನ್ನು ಎತ್ತಲು ಎಲ್ಲರಿಗೂ ಸಂಕೋಚ. ವಿದ್ಯಾರ್ಥಿಯ ಪ್ರಯೋಗ ಸೋತರೆ ಹೋಗುವುದು ಕೆಲವು ಅಂಕ. ರೈತನ ಹೊಲದಲ್ಲಿ ಸೋತರೆ ಹೋಗುವುದು ವರ್ಷದ ಕಾಳು. ಮಳೆಯನ್ನೇ ನಂಬಿದ ಊರಲ್ಲಿ ‘ಹೊಸದನ್ನು ಮಾಡಿ ನೋಡಿ’ ಎಂದು ಬಿಟ್ಟಿ ಸಲಹೆ ಕೊಡುವುದು ಸುಲಭ. ಗಣಿಯ ಲಾರಿಗಳು ಓಡುತ್ತಿದ್ದ ಕಾಲದಲ್ಲಿ ಈ ತಾಲ್ಲೂಕಿನ ಎಷ್ಟೋ ಯುವಕರು ಹೊಲ ಬಿಟ್ಟರು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಅದೇ ಹೊಲಕ್ಕೆ ಮರಳಬೇಕಾಯಿತು. ಅಂಥವರ ಮುಂದೆ ಪ್ರಯೋಗದ ಮಾತಾಡುವವರು ನಷ್ಟದ ಹಣವನ್ನೂ ಮೇಜಿನ ಮೇಲಿಡಬೇಕು. ಒಂದೊಂದು ತಂಡಕ್ಕೆ ಊರಲ್ಲೇ ಕಾಲೆಕರೆ ನೆಲವನ್ನು ಕಾಲೇಜು ಗುತ್ತಿಗೆಗೆ ಪಡೆಯಲಿ, ಬೆಳೆ ಕೆಟ್ಟರೆ ಕಾಲೇಜೇ ಭರಿಸಲಿ. ತಂಡ ಬಿಟ್ಟುಹೋದ ಕೆಲಸವನ್ನು ಮರುವರ್ಷದ ತಂಡ ಅದೇ ಊರಲ್ಲಿ ಮುಂದುವರಿಸಲಿ. ಈಗ ಪ್ರತಿ ವರ್ಷ ಹೊಸ ಊರು, ಹೊಸ ರಂಗೋಲಿ. ಯಾಕೆ ಸೋತಿತೆಂದು ಸರಿಯಾಗಿ ಬರೆದವರಿಗೆ ಬಿಸ್ಕತ್ತಿನ ಡಬ್ಬಿಗಿಂತ ಒಂದು ಅಂಕ ಹೆಚ್ಚೇ ಸಿಗಲಿ.

ಪ್ರದರ್ಶನ ಮುಗಿದ ಮೇಲೆ ಆ ಹುಡುಗಿ ಹಿರಿಯರ ಮನೆಗೆ ಹೋಗಿ ಚೀಲ ಬಿಚ್ಚಿಸಿದಳು. ಒಂದು ಹಿಡಿ ನವಣೆಯನ್ನು ಅಂಗೈಯಲ್ಲಿ ಉಜ್ಜಿ ಊದಿದಳು. ಸಿಪ್ಪೆ ಹಾರಲಿಲ್ಲ. ಪರ್ಸಿನಲ್ಲಿದ್ದ ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಅದನ್ನು ತುಂಬಿಕೊಂಡಳು. ಕಾಲೇಜಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು.