ಗಂಜಿಯ ಋಣ

ಸ್ವೀಡನ್ನಿನ ‘ತೊಮ್ಟೆ’, ನಾರ್ವೆ ಡೆನ್ಮಾರ್ಕುಗಳ ‘ನಿಸ್ಸೆ’: ಒಕ್ಕಲುಮನೆಯನ್ನೂ ಅದರ ದನಕರುಗಳನ್ನೂ ಕಾಯುವ ಈ ಗಿಡ್ಡ ದೈವವು ಇಂದು ಲೋಕಕ್ಕೆ ಪರಿಚಿತವಾಗಿರುವುದು ಕ್ರಿಸ್‌ಮಸ್ ಕಾರ್ಡಿನ ಕೆಂಪು ಟೊಪ್ಪಿಗೆಯ ಮುದುಕನಾಗಿ. ಜನಪದರು ಬಲ್ಲವನು ಇಷ್ಟು ಸೌಮ್ಯನಲ್ಲ. ‘ತೊಮ್ಟ್’ ಎಂದರೆ ಮನೆ ನಿಂತ ನೆಲ. ಕಾಡು ಕಡಿದು ಆ ನೆಲವನ್ನು ಮೊದಲು ಹಸನು ಮಾಡಿದ ಪೂರ್ವಿಕನೇ ಅವನೆಂಬ ನಂಬಿಕೆಯೂ ಉಂಟು. 14ನೆಯ ಶತಮಾನದಲ್ಲಿ ಸಂತ ಬಿರ್ಗಿಟ್ಟಾ ಇಂಥ ದೈವಗಳ ಆರಾಧನೆಯನ್ನು ಖಂಡಿಸಿದ್ದಳೆಂದರೆ, ಇದು ಮಕ್ಕಳ ವಿನೋದ ಮಾತ್ರವಾಗಿರಲಿಲ್ಲವೆಂಬುದು ಸ್ಪಷ್ಟ.

ಈ ದೈವಕ್ಕೂ ಮನೆಯವರಿಗೂ ಇದ್ದ ಸಂಬಂಧ ಭಕ್ತಿಯದಲ್ಲ, ಕರಾರಿನದು. ರಾತ್ರಿಯಿಡೀ ಕೊಟ್ಟಿಗೆಯ ಕೆಲಸ ಅವನದು. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಬೆಣ್ಣೆ ಹಾಕಿದ ಒಂದು ಬಟ್ಟಲು ಗಂಜಿ ಮನೆಯವರದು. ಒಂದು ಪ್ರಸಿದ್ಧ ಕಥೆಯಲ್ಲಿ ಕೆಲಸದ ಹುಡುಗಿ ಬೆಣ್ಣೆಯನ್ನು ಬಟ್ಟಲಿನ ತಳದಲ್ಲಿ ಅಡಗಿಸಿಡುತ್ತಾಳೆ. ಮೇಲೆ ಬೆಣ್ಣೆ ಕಾಣದೆ ಕೆರಳಿದ ನಿಸ್ಸೆ ಮನೆಯ ಒಳ್ಳೆಯ ಹಸುವನ್ನೇ ಕೊಲ್ಲುತ್ತಾನೆ. ಮರಳಿ ಬಂದು ಉಣ್ಣುವಾಗ ತಳದಲ್ಲಿ ಬೆಣ್ಣೆ ಸಿಕ್ಕಲು ಪರಿತಪಿಸಿ ಅದೇ ಬಣ್ಣದ ಹಸುವೊಂದನ್ನು ತಂದು ಕಟ್ಟುತ್ತಾನೆ, ಅದೂ ನೆರೆಯವನ ಕೊಟ್ಟಿಗೆಯಿಂದ! ಇನ್ನೊಂದು ಕಥೆಯಲ್ಲಿ ಇವನ ಕಾಟ ತಾಳಲಾರದೆ ಒಕ್ಕಲಿಗ ಮನೆಯನ್ನೇ ಬಿಟ್ಟು ಹೊರಡುತ್ತಾನೆ. ಗಾಡಿಗೇರಿಸಿದ ಸಾಮಾನಿನ ನಡುವಿನಿಂದ ತಲೆಯೆತ್ತಿ ನಿಸ್ಸೆ, ಇಂದು ನಾವು ಮನೆ ಬದಲಿಸುತ್ತಿದ್ದೇವೆ ಎಂದು ನೆರೆಯವನಿಗೆ ಸಾರುತ್ತಾನೆ. ಹೆಸರು ನೆಲದ್ದಾದರೂ ಲೆಕ್ಕ ಮನುಷ್ಯರೊಡನೆಯೇ.

ವಿಕ್ಟರ್ ರಿಡ್‌ಬರ್ಗ್ 1881ರಲ್ಲಿ ಪ್ರಕಟಿಸಿದ ‘ತೊಮ್ಟೆನ್’ ಕವಿತೆ ಈ ಲೆಕ್ಕವನ್ನು ಅಳಿಸಿತು. ನಡುಚಳಿಗಾಲದ ಇರುಳಿನಲ್ಲಿ ಎಲ್ಲರೂ ಮಲಗಿರುವಾಗ ತೊಮ್ಟೆಯೊಬ್ಬನೇ ಎಚ್ಚರವಿದ್ದು, ತಲೆಮಾರುಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆಯೆಂದು ಚಿಂತಿಸುತ್ತಾನೆ. ಆ ಪ್ರಶ್ನೆಯ ಗಾಂಭೀರ್ಯವನ್ನು ಅಲ್ಲಗಳೆಯಲಾಗದು. ಅಷ್ಟು ಜನರ ಹುಟ್ಟುಸಾವುಗಳನ್ನು ಕಂಡವನಿಗೆ ಅದನ್ನು ಕೇಳುವ ಅಧಿಕಾರವೂ ಉಂಟು. ಆದರೆ ಇಲ್ಲಿ ಗಂಜಿಯಿಲ್ಲ, ಸಿಟ್ಟೂ ಇಲ್ಲ. ತನ್ನ ದುಡಿಮೆಯನ್ನು ಮನೆಯವರು ಗೌರವಿಸುತ್ತಾರೆಂಬುದೇ ಅವನಿಗೆ ಸಾಕು. ಮಲಗಿದ ಮಕ್ಕಳನ್ನು ನೋಡುವುದೇ ಪರಮಸುಖ. ಕೂಲಿ ಬೇಡದ ಕಾವಲುಗಾರ ಒಡೆಯನಿಗೆ ಹಿತವಾದ ಕಲ್ಪನೆ. ಕೊಟ್ಟಿಗೆಯಲ್ಲಿ ದುಡಿದವರ ಕಥೆಗೆ ಅದು ಹೊರತು. ಕವಿತೆಗೆ ಚಿತ್ರ ಬರೆದ ಯೆನ್ನಿ ನಿಸ್ಟ್ರಮ್ ಮುಂದೆ ಕ್ರಿಸ್‌ಮಸ್ ಕಾರ್ಡುಗಳಲ್ಲಿ ಇವನನ್ನು ಮನೆಮಾತಾಗಿಸಿದಳು. ಗಂಜಿಯನ್ನು ಪಡೆಯುತ್ತಿದ್ದವನು ಉಡುಗೊರೆ ಹಂಚುವವನಾದನು.

ಇದಕ್ಕೂ ಮೊದಲೇ, 1852ರಲ್ಲಿ, ಡೆನ್ಮಾರ್ಕಿನ ಆಂಡರ್ಸನ್ ದಿನಸಿ ಅಂಗಡಿಯ ನಿಸ್ಸೆಯ ಕಥೆ ಬರೆದಿದ್ದನು. ಅದೇ ಮನೆಯ ಅಟ್ಟದಲ್ಲೊಬ್ಬ ಬಡ ವಿದ್ಯಾರ್ಥಿ. ಅಂಗಡಿಯವನು ಪೊಟ್ಟಣ ಕಟ್ಟಲು ಹರಿಯುತ್ತಿದ್ದ ಕಾವ್ಯವೊಂದನ್ನು ಅವನು ಚೀಸಿನ ಬದಲಿಗೆ ಪಡೆದು ತಂದಿದ್ದಾನೆ. ಬೀಗದ ಕಿಂಡಿಯಿಂದ ಇಣುಕಿದ ನಿಸ್ಸೆಗೆ ಆ ಪುಸ್ತಕದಿಂದ ಬೆಳಕಿನ ಮರವೊಂದು ಚಿಗುರಿ ನಿಂತಂತೆ ಕಾಣುತ್ತದೆ. ಬೀದಿಯಲ್ಲಿ ಬೆಂಕಿಯೆಂಬ ಕೂಗೆದ್ದಾಗ ಅವನು ತನ್ನ ಟೊಪ್ಪಿಗೆಯಲ್ಲಿಟ್ಟು ಉಳಿಸುವುದು ಆ ಪುಸ್ತಕವನ್ನೇ. ಬೆಂಕಿ ಆರಿದ ಮೇಲೆ ಮಾತ್ರ ಅಂಗಡಿಯವನನ್ನು ಪೂರ್ತಿ ಬಿಡಲು ಅವನಿಂದಾಗದು. ತನ್ನನ್ನು ಇಬ್ಬರಿಗೂ ಹಂಚಿಕೊಳ್ಳುತ್ತೇನೆ ಎನ್ನುತ್ತಾನೆ. ಕಾರಣ, ಆ ಗಂಜಿ.