ಸುಟ್ಟಲ್ಲಿ ಮೇವು, ಬಿಟ್ಟಲ್ಲಿ ಗೂಡು

ಅಮೆರಿಕದ ಓಕ್ಲಹೋಮ ರಾಜ್ಯದ ಟಾಲ್‌ಗ್ರಾಸ್ ಪ್ರೇರಿ ರಕ್ಷಿತ ಪ್ರದೇಶದಲ್ಲಿ ಬೈಸನ್ ಹಿಂಡನ್ನು ಮೇಯಲು ಅಟ್ಟುವವರು ಯಾರೂ ಇಲ್ಲ. ಆ ಕೆಲಸ ಬೆಂಕಿಯದು. ಸುಮಾರು 39 ಸಾವಿರ ಎಕರೆಯ ಈ ಹುಲ್ಲುಗಾವಲಿನ ರಕ್ಷಣೆಗೆ ನೇಚರ್ ಕನ್ಸರ್ವೆನ್ಸಿ ಸಂಸ್ಥೆ 1989ರಲ್ಲಿ ಕೈಹಾಕಿತು. 1993ರಲ್ಲಿ 300 ಬೈಸನ್ ಬಿಟ್ಟಿತು. ಈಗ ಎರಡು ಸಾವಿರ ದಾಟಿವೆ. ಹಿಂಡು ತಿರುಗುವ ಜಾಗದಲ್ಲಿ ಅಡ್ಡಬೇಲಿಗಳಿಲ್ಲ. ವರ್ಷಕ್ಕೆ ಸರಿಸುಮಾರು ಮೂರನೇ ಒಂದು ಪಾಲನ್ನು, ವಸಂತದಲ್ಲಿಷ್ಟು, ಬೇಸಿಗೆಯ ಕೊನೆಗಿಷ್ಟು ಎಂದು ತುಂಡುತುಂಡಾಗಿ ಸುಡುತ್ತಾರೆ.

ಬಿಗ್ ಬ್ಲೂಸ್ಟೆಮ್‌ನಂಥ ಹುಲ್ಲಿನ ಮೊಳೆ ನೆಲದಡಿ ಇರುವುದರಿಂದ ಸುಟ್ಟ ಕೆಲವೇ ವಾರಗಳಲ್ಲಿ ಚಿಗುರು ಏಳುತ್ತದೆ. ಪ್ರೋಟೀನ್ ತುಂಬಿದ ಆ ಎಳೆ ಹುಲ್ಲನ್ನು ಬಿಟ್ಟು ಬೈಸನ್‌ಗಳು ಕದಲುವುದಿಲ್ಲ. ಅವು ಬುಡಮಟ್ಟ ಮೇಯ್ದಲ್ಲಿ ಮರುವರ್ಷ ಸುಡಲು ಏನೂ ಉಳಿಯದು. ಅತ್ತ, ಅವು ಮೂಸಿಯೂ ನೋಡದ ಕಡೆ ಹುಲ್ಲು ಆಳೆತ್ತರ ಬೆಳೆದು, ಒಣಗಿ, ಮುಂದಿನ ಸರದಿಗೆ ಸೌದೆಯಾಗುತ್ತದೆ. ಬೆಂಕಿ ಹೋದಲ್ಲಿಗೆ ಹಿಂಡು, ಹಿಂಡು ಬಿಟ್ಟಲ್ಲಿಗೆ ಬೆಂಕಿ. ಹೀಗೆ ಒಂದೇ ಬಯಲಿನಲ್ಲಿ ಗಿಡ್ಡ ಹುಲ್ಲೂ ಎತ್ತರದ ಹುಲ್ಲೂ ಉಳಿಯುತ್ತವೆ. ಫುಲೆಂಡಾರ್ಫ್ ಮತ್ತು ಎಂಗಲ್ ಎಂಬ ವಿಜ್ಞಾನಿಗಳು 2001ರಲ್ಲಿ ಮಂಡಿಸಿದ ವಾದದ ತಿರುಳೂ ಇಷ್ಟೇ: ಹುಲ್ಲುಗಾವಲು ಎಲ್ಲೆಡೆ ಒಂದೇ ಸಮನಾಗಿರುವುದು ಗುಣವಲ್ಲ, ದೋಷ.

ನೆರೆಯ ಕ್ಯಾನ್ಸಸ್‌ನ ಫ್ಲಿಂಟ್ ಹಿಲ್ಸ್ ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಅಲ್ಲಿ ಬಹಳಷ್ಟು ದನಗಾರರು ಪ್ರತಿ ವಸಂತದಲ್ಲೂ ಇಡೀ ಹುಲ್ಲುಗಾವಲನ್ನೇ ಸುಡುತ್ತಾರೆ. ದನ ಮೈತುಂಬಿಕೊಳ್ಳುತ್ತದೆ, ಸೀಡರ್ ಗಿಡ ತಲೆಯೆತ್ತುವುದಿಲ್ಲ, ನಿಜ. ಆದರೆ ಅಲ್ಲಿನ ಪ್ರೇರಿ ಕೋಳಿ ಎಂಬ ನೆಲಹಕ್ಕಿಯ ಪಾಡೇನು? ಗಂಡುಗಳು ಕುಣಿಯಲು ಕುರುಚಲು ಹುಲ್ಲಿನ ಬಯಲು ಬೇಕು. ಹೆಣ್ಣು ಮೊಟ್ಟೆಯಿಡಲು ಹೋದ ವರ್ಷದ ಒಣಹುಲ್ಲಿನ ಮರೆ ಬೇಕು. ಎಲ್ಲವನ್ನೂ ಸುಟ್ಟರೆ ಕುಣಿತಕ್ಕೆ ಜಾಗವುಂಟು, ಸಂಸಾರಕ್ಕಿಲ್ಲ.

ಓಕ್ಲಹೋಮದ ಪದ್ಧತಿಯಲ್ಲೂ ಕೊರತೆಗಳಿವೆ. ಬೆಂಕಿ ಎಂದ ಮೇಲೆ ಹೊಗೆ ಇದ್ದೇ ಇದೆ. ನಾಲ್ಕಾರು ಎಕರೆಯವನಿಗೆ ಪಾಲು ಮಾಡಿ ಸುಡುವುದು ಆಗಹೋಗದ ಮಾತು. ಇನ್ನು, ಪ್ರೇರಿಗೆ ಮೂಲನಿವಾಸಿಗಳು ಶತಮಾನಗಳಿಂದ ಬೆಂಕಿ ಹಾಕುತ್ತಿದ್ದರು. ಹೆಸರು ಬಂದದ್ದು ಮಾತ್ರ ವಿಜ್ಞಾನಿಗಳಿಗೆ.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹೆಸರಿರಲಿ, ಅನುಮತಿಯೂ ಉಳಿಯಲಿಲ್ಲ. ನೆಲದ ತರಗೆಲೆಯನ್ನಷ್ಟೇ ಸುಡುವ ಅವರ ತರಗು ಬೆಂಕಿಯನ್ನು ಕಾನೂನು ನಿಲ್ಲಿಸಿತು. ಆಮೇಲೆ ಲಂಟಾನಾ ಕಳೆ ಹಬ್ಬಿತೆಂಬುದು ಅವರ ದೂರು. ಓಕ್ಲಹೋಮದ ಕ್ರಮವನ್ನು ಹಾಗೆಯೇ ಇಲ್ಲಿಗೆ ಎತ್ತಿ ತರುವುದು ಮೂರ್ಖತನ. ಲಂಟಾನಾ ತುಂಬಿದ ಕಾಡಿಗೆ ಈಗ ಕಡ್ಡಿ ಗೀರಿದರೆ ಉರಿ ಮರದ ತುದಿಗೇರುತ್ತದೆ. ಆದರೆ ಕಾಳ್ಗಿಚ್ಚು ಹಬ್ಬದಂತೆ ಬೆಂಕಿ ರೇಖೆಗಳನ್ನು ತಾನೇ ಸುಡುವ ಅರಣ್ಯ ಇಲಾಖೆ, ಲಂಟಾನಾ ತೆಗೆದ ಒಂದು ಸಣ್ಣ ತುಂಡಿನಲ್ಲಾದರೂ ಸೋಲಿಗರ ಕೈಗೆ ಕೊಳ್ಳಿ ಕೊಟ್ಟು ನೋಡಬೇಕು.