ಕೈಗಳನ್ನು ನೋಡಿ

ಮುಂಬಯಿಯ ಚೆಂಬೂರಿನ ಹಳಬರಿಗೆ ಆರ್.ಕೆ. ಸ್ಟುಡಿಯೋದ ಲಾಂಛನ ಕಣ್ಣಿಗೆ ಕಟ್ಟಿದಂತಿದೆ. ಒಬ್ಬ ಗಂಡಸು, ಅವನ ಒಂದು ಕೈಯಲ್ಲಿ ಪಿಟೀಲು, ಇನ್ನೊಂದು ತೋಳಿನ ಮೇಲೆ ಹಿಂದಕ್ಕೆ ಬಾಗಿದ ಹೆಣ್ಣು. 1949ರ ‘ಬರ್ಸಾತ್’ ಚಿತ್ರದ ರಾಜ್ ಕಪೂರ್–ನರ್ಗಿಸ್ ಭಂಗಿಯದು. ಲಾಂಛನವಾಗುವ ಹೊತ್ತಿಗೆ ಮೂಗು, ಕಣ್ಣು, ನಗು ಎಲ್ಲ ಮಾಯವಾಗಿ ಬರೀ ಆಕೃತಿ ಉಳಿಯಿತು. ಆದರೂ ನೋಡಿದವರಿಗೆ ಗುರುತು ತಪ್ಪುವುದಿಲ್ಲ. ಸಂಗೀತ ಬಿಡಲಾರದ, ಪ್ರೀತಿಯನ್ನೂ ಬಿಡಲಾರದ ಒಬ್ಬ ಮನುಷ್ಯನ ಕತೆಯಷ್ಟನ್ನೂ ಆ ಎರಡು ಕೈಗಳೇ ಹೇಳಿಬಿಡುತ್ತವೆ. 2017ರ ಸೆಪ್ಟೆಂಬರಿನಲ್ಲಿ ಸ್ಟುಡಿಯೋಕ್ಕೆ ಬೆಂಕಿ ಬಿತ್ತು. 2019ರಲ್ಲಿ ಜಾಗವೇ ಮಾರಾಟವಾಯಿತು. ಭಂಗಿ ಮಾತ್ರ ಜನರ ನೆನಪಿನಲ್ಲಿ ಗಟ್ಟಿಯಾಗಿ ಕೂತಿದೆ.

ಫೋಟೊ ನೋಡುವಾಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಮುಖಕ್ಕೆ. ಕ್ಯಾಮೆರಾ ಕಂಡೊಡನೆ ಮುಖ ಸಿದ್ಧವಾಗುತ್ತದೆ, ಕೈಗೆ ಅಷ್ಟು ಎಚ್ಚರವಿರುವುದಿಲ್ಲ. ಪದಗಳು ಸೋಲುವುದೂ ಇಲ್ಲೇ. ಒಂದು ಕೈ ಹೇಗಿತ್ತೆಂದು ಬರೆಯಲು ಒಂದು ಪುಟ ಬೇಕು, ಬರೆದರೂ ಓದುಗ ತನಗೆ ತೋಚಿದ ಕೈಯನ್ನೇ ಕಲ್ಪಿಸಿಕೊಳ್ಳುತ್ತಾನೆ.

ಗಾಂಧೀಜಿ ಮತ್ತು ಚರಕದ ಆ ಪ್ರಸಿದ್ಧ ಚಿತ್ರವನ್ನೇ ತೆಗೆದುಕೊಳ್ಳಿ. ‘ಲೈಫ್’ ಪತ್ರಿಕೆಗಾಗಿ ಮಾರ್ಗರೆಟ್ ಬೋರ್ಕ್-ವೈಟ್ 1946ರಲ್ಲಿ ತೆಗೆದದ್ದು. ಗಾಂಧೀಜಿ ನೂಲುತ್ತಿರುವ ಚಿತ್ರವೆಂದೇ ಬಹಳ ಮಂದಿ ಹೇಳುತ್ತಾರೆ. ಇನ್ನೊಮ್ಮೆ ನೋಡಿದರೆ ಅವರ ಕೈಯಲ್ಲಿ ಎಳೆಯಿಲ್ಲ, ಕಾಗದವಿದೆ. ಅವರು ಓದುತ್ತಿದ್ದಾರೆ. ಚರಕ ಮುಂದುಗಡೆ ದೊಡ್ಡದಾಗಿ ಸುಮ್ಮನೆ ನಿಂತಿದೆ. ನೂಲುವುದೂ ಓದುವುದೂ ಒಂದೇ ಚಾಪೆಯ ಮೇಲಿನ ದಿನಚರಿ ಎಂಬುದು ಇಲ್ಲಿ ಸಿಗುವಷ್ಟು ಸಲೀಸಾಗಿ ಯಾವ ಜೀವನಚರಿತ್ರೆಯಲ್ಲೂ ಸಿಗದು.

ಮುಂಬಯಿಯ ಮಟ್ಟಿಗೆ ಮರೆಯಲಾಗದ ಚಿತ್ರ 2008ರ ನವೆಂಬರ್ 26ರ ಭಯೋತ್ಪಾದಕ ದಾಳಿಯ ರಾತ್ರಿಯದು. ಚೆಂಬೂರಿನಿಂದ ಹಾರ್ಬರ್ ಲೈನಿನ ಗಾಡಿ ಹಿಡಿದವರು ಕೊನೆಗೆ ಇಳಿಯುವ ಅದೇ ನಿಲ್ದಾಣ, ಆಗಿನ ಸಿಎಸ್‌ಟಿ. ‘ಮುಂಬಯಿ ಮಿರರ್’ನ ಸೆಬಾಸ್ಟಿಯನ್ ಡಿಸೋಜ ಎದುರಿನ ಕಚೇರಿಯಿಂದ ಓಡಿಬಂದು, ನಿಂತಿದ್ದ ರೈಲಿನ ಡಬ್ಬಿಯ ಮರೆಯಿಂದ ದಾಳಿಕೋರ ಕಸಬ್‌ನ ಚಿತ್ರ ತೆಗೆದರು. ಬೆನ್ನಿಗೆ ಚೀಲ, ಕೈಯಲ್ಲಿ ರೈಫಲ್. ಗುರಿಯಿಟ್ಟು ನಿಂತ ಭಂಗಿಯಲ್ಲ ಅದು, ನಡೆದು ಹೋಗುವ ಭಂಗಿ. ಆಫೀಸಿಗೆ ಹೊರಟ ಹುಡುಗನ ನಡಿಗೆ ಇದ್ದಂತಿದೆ, ಎದೆ ಝಲ್ಲೆನ್ನುವುದು ಅದಕ್ಕೇ. ನಿಲ್ದಾಣದಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರೆಂದು ವರದಿಗಳು ಹೇಳಿದವು. ಕೊಂದವನ ನಿರಾಳತೆಯನ್ನು ತೋರಿಸಿದ್ದು ಈ ಚಿತ್ರ. ಮುಂದೆ ಡಿಸೋಜ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದರು, ಅವರ ಚಿತ್ರಗಳೂ ಸಾಕ್ಷ್ಯವಾದವು.

1984ರಲ್ಲಿ ವಿಷಾನಿಲ ದುರಂತದ ಭೋಪಾಲದಲ್ಲಿ ರಘು ರಾಯ್ ತೆಗೆದ ಕಪ್ಪು-ಬಿಳುಪು ಚಿತ್ರದಲ್ಲೂ ಒಂದು ಕೈ ಇದೆ. ಮಣ್ಣಿನೊಳಗೆ ಮಗುವಿನ ಮುಖ, ಕಣ್ಣು ತೆರೆದೇ ಇವೆ. ಮುಚ್ಚುವ ಮುನ್ನ ಕೊನೆಯ ಸಲವೆಂಬಂತೆ ದೊಡ್ಡವರ ಕೈಯೊಂದು ಅದನ್ನು ಮುಟ್ಟಿದೆ. ಅದೇ ಮಗುವನ್ನು ಬಣ್ಣದಲ್ಲಿ ತೆಗೆದ ಪಾಬ್ಲೋ ಬಾರ್ತೊಲೊಮ್ಯೂ ಅವರ ಚಿತ್ರಕ್ಕೆ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಬಂತು. ರಸಗೊಬ್ಬರ ಕಾರ್ಖಾನೆ, ತೈಲ ಶುದ್ಧೀಕರಣಾಗಾರಗಳ ಮಗ್ಗುಲಲ್ಲೇ ಸಂಸಾರ ಹೂಡಿರುವ ಚೆಂಬೂರಿನವರು ಈ ಚಿತ್ರವನ್ನು ದೂರದ ಸುದ್ದಿಯೆಂದು ನೋಡಲಾರರು. ರಾಯ್ ಅವರ ಚಿತ್ರದಲ್ಲಿ ಆ ಕೈ ಇರದಿದ್ದರೆ ಅದು ಬರೀ ಸಾವಿನ ದಾಖಲೆಯಾಗುತ್ತಿತ್ತು. ಕೈ ಇರುವುದರಿಂದ ಅಲ್ಲಿ ಒಂದು ಮನೆಯ ದುಃಖವಿದೆ.

ದುರಂತಕ್ಕಷ್ಟೇ ಈ ಶಕ್ತಿ ಮೀಸಲಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಜೀವಮಾನವಿಡೀ ಅರಸಿದ್ದು ಸಾಮಾನ್ಯರ ದಿನನಿತ್ಯವನ್ನು. ‘ಡೆಕ್ಕನ್ ಹೆರಾಲ್ಡ್’ನಲ್ಲಿ ವೃತ್ತಿ ಆರಂಭಿಸಿ, ಮುಂಬಯಿಯ ‘ಇಲಸ್ಟ್ರೇಟೆಡ್ ವೀಕ್ಲಿ’ಗೂ ದುಡಿದ ಅವರಿಗೆ 1977ರಲ್ಲಿ ಪದ್ಮಶ್ರೀ ಬಂತು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ‘ಕಾಲಕ್ಕೆ ಕನ್ನಡಿ’ ಎಂಬ ಅವರ ಕನ್ನಡ ಪುಸ್ತಕ ಫೋಟೊ ಆಸಕ್ತರೆಲ್ಲರ ಕಪಾಟಿನಲ್ಲಿರಬೇಕು.

ಚಿತ್ರ ಸೋಲುವ ಜಾಗವೂ ಒಂದಿದೆ, ಹೆಸರು. ಭೋಪಾಲದ ಆ ಮಗು ಯಾರದೆಂದು ಇಂದಿಗೂ ಗೊತ್ತಿಲ್ಲ. ಚೆಂಬೂರಿನ ಉಡುಪಿ ಹೋಟೆಲುಗಳ ಗಲ್ಲಾದ ಮೇಲೆ ಹಾರ ಹಾಕಿದ ಹಿರಿಯರ ಫೋಟೊ ಇರುತ್ತದೆ. ಗಾಜಿನ ಮೇಲೆ, ಸರಿಯಾಗಿ ಹಣೆಯ ಜಾಗದಲ್ಲಿ, ಕುಂಕುಮ. ಮೊಮ್ಮಗನ ಕಾಲಕ್ಕೆ ಅವರ ಹೆಸರು, ಊರು, ಫೋಟೊದ ವರ್ಷ ಹೇಳುವವರು ಮನೆಯಲ್ಲಿ ಸಿಗುವುದು ಕಷ್ಟ. ಹಳೆಯ ಚಿತ್ರಗಳಿದ್ದವರು ಈ ವಾರವೇ ಚೌಕಟ್ಟು ಬಿಚ್ಚಿ, ಹಿಂಬದಿಯ ಅಂಚಿನಲ್ಲಿ ಮೆತ್ತನೆ ಪೆನ್ಸಿಲಿನಿಂದ, ಒತ್ತದೆ, ಇಷ್ಟನ್ನು ಬರೆದಿಡಲಿ. ಬಾಲ್ ಪೆನ್ ಬೇಡ, ಅದರ ಗೀರು ಮುಂಬದಿಗೆ ಎದ್ದು ಕಾಣುತ್ತದೆ.